ಸುಂಕದಕಟ್ಟೆ ಯಾರ ಕೈಯಲ್ಲಿದೆ? – ಸಾಹೇಲ್ ಪ್ರದೇಶದ ಭಯೋತ್ಪಾದನೆ ಕಲಿಸುವ ಪಾಠ

ಒಂದು ನಾಡಿನಲ್ಲಿ ಸರ್ಕಾರವೆಂಬುದು ಇದೆಯೇ ಇಲ್ಲವೇ ಎಂಬುದನ್ನು ಅರಿಯಲು ಅಲ್ಲಿನ ಅಧ್ಯಕ್ಷರ ಅರಮನೆಯನ್ನಾಗಲಿ ಸಂಸತ್ ಭವನವನ್ನಾಗಲಿ ನೋಡಬೇಕಾಗಿಲ್ಲ. ಆ ನಾಡಿನ ಹೆದ್ದಾರಿಯಲ್ಲಿ ಸಾಗುವ ಸರಕಿನ ಲಾರಿಯು ಯಾರಿಗೆ ಸುಂಕ ತೆರುತ್ತದೆ, ಸುಂಕ ತೆತ್ತ ಬಳಿಕ ಅದು ಸುರಕ್ಷಿತವಾಗಿ ಊರು ಸೇರುತ್ತದೆಯೇ ಎಂಬುದನ್ನು ವಿಚಾರಿಸಿದರೆ ಸಾಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ನಮ್ಮ ವರ್ತಕರಿಗೆ ಹೊಸದಲ್ಲ. ಆದರೆ ಒಂದೇ ರಸ್ತೆಯಲ್ಲಿ ಇಬ್ಬರು ಸುಂಕದವರು ನಿಂತು, ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನು ಕೊಲ್ಲುವನೆಂಬ ಸ್ಥಿತಿ ಬಂದಾಗ ವ್ಯಾಪಾರದ ಗತಿ ಏನಾಗುತ್ತದೆ? ಪಶ್ಚಿಮ ಆಫ್ರಿಕದ ಮಾಲಿ ದೇಶದ ವರ್ತಕರು ಇಂತಹ ಸ್ಥಿತಿಯನ್ನು ಪ್ರತ್ಯಕ್ಷವಾಗಿ ಅನುಭವಿಸಿದ್ದಾರೆ.

2025ರ ಸೆಪ್ಟೆಂಬರ್ ತಿಂಗಳಲ್ಲಿ ಅಲ್ ಖೈದಾ ಸಂಘಟನೆಗೆ ಸೇರಿದ ಜೆ.ಎನ್.ಐ.ಎಂ. ಎಂಬ ಉಗ್ರಗಾಮಿ ಪಡೆಯು ಮಾಲಿಯೊಳಕ್ಕೆ ಬರುವ ಇಂಧನದ ಮೇಲೆ ದಿಗ್ಬಂಧನ ಘೋಷಿಸಿತು. ಮಾಲಿಗೆ ಸಮುದ್ರತೀರವಿಲ್ಲ. ಪೆಟ್ರೋಲ್, ಡೀಸೆಲ್, ಸಿಮೆಂಟು, ಅಕ್ಕಿ, ಔಷಧ ಮೊದಲಾದ ಸರಕುಗಳೆಲ್ಲ ಬಹುಮಟ್ಟಿಗೆ ಸೆನೆಗಲ್ ದೇಶದ ಡಕಾರ್ ಹಾಗೂ ಐವರಿ ಕೋಸ್ಟ್ ದೇಶದ ಅಬಿಜಾನ್ ಬಂದರುಗಳಲ್ಲಿ ಇಳಿದು, ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚಿನ ರಸ್ತೆಯನ್ನು ಕ್ರಮಿಸಿ ರಾಜಧಾನಿ ಬಮಾಕೊ ಸೇರಬೇಕು. ಆ ರಸ್ತೆಗಳಲ್ಲಿ ಸೈನ್ಯದ ಕಾವಲಿನಲ್ಲಿ ಸಾಗುತ್ತಿದ್ದ ಟ್ಯಾಂಕರುಗಳನ್ನೇ ಉಗ್ರರು ಸಾಲುಸಾಲಾಗಿ ಸುಟ್ಟರು. ಅಕ್ಟೋಬರ್ ಅಂತ್ಯದ ವೇಳೆಗೆ ಬಮಾಕೊ ನಗರದ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲುಗಳು ನಿಂತವು. ಸಿಬ್ಬಂದಿ ಓಡಾಡಲು ಇಂಧನವಿಲ್ಲದ ಕಾರಣ ದೇಶದ ಶಾಲೆ, ವಿಶ್ವವಿದ್ಯಾಲಯಗಳನ್ನು ನವೆಂಬರ್ 9ರವರೆಗೆ ಎರಡು ವಾರ ಮುಚ್ಚಬೇಕಾಯಿತು. ಬಸ್ಸುಗಳಲ್ಲಿ ಪ್ರಯಾಣಿಸುವ ಮಹಿಳೆಯರು ಪರದೆ ಧರಿಸಬೇಕೆಂದು ಕಾಡಿನಲ್ಲಿದ್ದವರು ಆಜ್ಞೆ ಹೊರಡಿಸಿದರು. ರಾಜಧಾನಿಯನ್ನು ವಶಪಡಿಸಿಕೊಳ್ಳದೆಯೇ, ರಸ್ತೆಯನ್ನು ಹಿಡಿದ ಮಾತ್ರಕ್ಕೆ ಒಂದು ರಾಷ್ಟ್ರದ ಉಸಿರು ಕಟ್ಟಿಸಬಹುದೆಂಬುದನ್ನು ಈ ಪ್ರಸಂಗ ತೋರಿಸಿತು.

ಭಯೋತ್ಪಾದನೆಯನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಬಾಂಬು, ಬಂದೂಕು ಮತ್ತು ಧರ್ಮಾಂಧತೆಯ ಸುತ್ತಲೇ ತಿರುಗುತ್ತವೆ. ಆ ಅಂಶಗಳು ನಿಜವಾದವೇ. ಆದರೆ ರಾಜಕೀಯವಾಗಿ ದುರ್ಬಲವಾದ ನಾಡುಗಳಲ್ಲಿ ಅಂತಾರಾಷ್ಟ್ರೀಯ ಭಯೋತ್ಪಾದನೆ ಬೇರೂರುವುದು ಪ್ರತಿಸ್ಪರ್ಧಿ ಆಡಳಿತವಾಗಿ. ರಸ್ತೆ ಕಾಯುವುದು, ವ್ಯಾಜ್ಯ ತೀರ್ಮಾನಿಸುವುದು, ತೆರಿಗೆ ಎತ್ತುವುದು – ಸರ್ಕಾರವು ಈ ಮೂರು ಕೆಲಸಗಳನ್ನು ಕೈಬಿಟ್ಟೆಡೆ ಉಗ್ರರು ಅವನ್ನು ಕೈಗೆತ್ತಿಕೊಳ್ಳುತ್ತಾರೆ. ಈ ಸತ್ಯವನ್ನು ಸೇನಾಧಿಕಾರಿಗಳಿಗಿಂತ ಮೊದಲು ಗ್ರಹಿಸಬಲ್ಲವರು ವರ್ತಕರು.

ಬೆಂಕಿ ಹಬ್ಬಿದ ಬಗೆ

ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣಭೂಮಿಯ ಪಟ್ಟಿಗೆ ಸಾಹೇಲ್ ಎಂದು ಹೆಸರು. ಇಲ್ಲಿನ ಉಗ್ರವಾದದ ಬೀಜ ಹೊರಗಿನಿಂದ ಬಂದದ್ದು. ಆಲ್ಜೀರಿಯಾದಲ್ಲಿ 1990ರ ದಶಕದ ಅಂತರ್ಯುದ್ಧದಿಂದ ಉಳಿದ ಒಂದು ಗುಂಪು ಮರುಭೂಮಿಗೆ ಸರಿದು, 2003ರಲ್ಲಿ 32 ಮಂದಿ ಯೂರೋಪಿಯನ್ ಪ್ರವಾಸಿಗರನ್ನು ಅಪಹರಿಸಿತು. ಒತ್ತೆಹಣದ ರುಚಿ ಕಂಡ ಆ ಗುಂಪು 2007ರಲ್ಲಿ ಅಲ್ ಖೈದಾದ ಶಾಖೆಯೆಂದು ಹೆಸರು ಬದಲಿಸಿಕೊಂಡಿತು. 2011ರಲ್ಲಿ ಲಿಬಿಯಾದ ಗಡಾಫಿ ಪತನಗೊಂಡಾಗ ಅಲ್ಲಿನ ಶಸ್ತ್ರಾಗಾರಗಳ ಆಯುಧಗಳು ದಕ್ಷಿಣಕ್ಕೆ ಹರಿದವು. 2012ರ ಜನವರಿಯಲ್ಲಿ ಮಾಲಿಯ ಉತ್ತರ ಭಾಗದ ತುವಾರೆಗ್ ಬಂಡಾಯಗಾರರು ದಂಗೆ ಎದ್ದರು; ಮಾರ್ಚ್‌ನಲ್ಲಿ ರಾಜಧಾನಿಯಲ್ಲಿ ಸೇನೆ ಕ್ಷಿಪ್ರಕ್ರಾಂತಿ ನಡೆಸಿತು. ಈ ಗೊಂದಲದ ಲಾಭ ಪಡೆದ ಉಗ್ರರು ಬಂಡಾಯಗಾರರನ್ನೂ ಹೊರದೂಡಿ ಟಿಂಬಕ್ಟು, ಗಾವೊ, ಕಿಡಾಲ್ ನಗರಗಳನ್ನು ಆಕ್ರಮಿಸಿದರು. ಟಿಂಬಕ್ಟು ನಗರದ ಸಂತರ ಪ್ರಾಚೀನ ಗೋರಿಗಳು ಗುದ್ದಲಿ ಏಟಿಗೆ ನೆಲಸಮವಾದವು.

2013ರ ಜನವರಿಯಲ್ಲಿ ಫ್ರೆಂಚ್ ಸೇನೆ ಬಂದು ಕೆಲವೇ ವಾರಗಳಲ್ಲಿ ನಗರಗಳನ್ನು ಬಿಡಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೂ ಬಂದು ಬೀಡುಬಿಟ್ಟಿತು. ಆದರೆ ನಗರ ಬಿಟ್ಟವರು ಹಳ್ಳಿ ಸೇರಿದರು. 2017ರ ಮಾರ್ಚ್‌ನಲ್ಲಿ ಚದುರಿದ್ದ ಗುಂಪುಗಳು ಇಯಾದ್ ಅಗ್ ಘಾಲಿ ಎಂಬಾತನ ನಾಯಕತ್ವದಲ್ಲಿ ಒಂದುಗೂಡಿ ಜೆ.ಎನ್.ಐ.ಎಂ. ಹುಟ್ಟಿತು. ಇಸ್ಲಾಮಿಕ್ ಸ್ಟೇಟ್‌ಗೆ ನಿಷ್ಠೆ ಸಾರಿದ ಇನ್ನೊಂದು ಬಣ ಮಾಲಿ, ನೈಜರ್, ಬುರ್ಕಿನಾ ಫಾಸೊ ದೇಶಗಳ ಗಡಿ ಕೂಡುವಲ್ಲಿ ಬಲಿಯಿತು. 2014ರಲ್ಲಿ ದೀರ್ಘಕಾಲದ ಅಧ್ಯಕ್ಷ ಬ್ಲೇಸ್ ಕಂಪಾವೊರೆ ಜನರ ಪ್ರತಿಭಟನೆಗೆ ಮಣಿದು ಓಡಿದ ಬಳಿಕ ಬುರ್ಕಿನಾ ಫಾಸೊ ಸಡಿಲಗೊಂಡಿತು. 2016ರ ಜನವರಿಯಲ್ಲಿ ಅದರ ರಾಜಧಾನಿ ಔಗಾಡುಗುವಿನ ಹೋಟೆಲು, ಉಪಾಹಾರ ಗೃಹಗಳ ಮೇಲೆ ನಡೆದ ದಾಳಿಯಲ್ಲಿ 30 ಮಂದಿ ಹತರಾದರು. 2023ರ ಹೊತ್ತಿಗೆ ಆ ದೇಶದಲ್ಲಿ ಮನೆಮಠ ತೊರೆದವರ ಸಂಖ್ಯೆ 20 ಲಕ್ಷ ಮೀರಿತ್ತು. ವಿಶ್ವದಾದ್ಯಂತ 2024ರಲ್ಲಿ ಭಯೋತ್ಪಾದನೆಯಿಂದ ಸಂಭವಿಸಿದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಹೇಲ್ ಪ್ರದೇಶವೊಂದರಲ್ಲೇ ಆದವೆಂದು ಜಾಗತಿಕ ಭಯೋತ್ಪಾದನಾ ಸೂಚ್ಯಂಕದ 2025ರ ವರದಿ ದಾಖಲಿಸಿದೆ.

ಜನ ಏಕೆ ಸಹಿಸಿದರು?

ಕೆಲವು ನೂರು ಬಂದೂಕುಧಾರಿಗಳು ಲಕ್ಷಾಂತರ ಜನರಿರುವ ಪ್ರಾಂತಗಳನ್ನು ಹೇಗೆ ಹಿಡಿತಕ್ಕೆ ತಂದುಕೊಂಡರು? ಭಯವೊಂದೇ ಇದಕ್ಕೆ ಪೂರ್ಣ ಉತ್ತರವಾಗದು. ಮಧ್ಯ ಮಾಲಿಯಲ್ಲಿ ನೈಜರ್ ನದಿಯ ಮುಖಜ ಭೂಮಿ ಇದೆ. ನೆರೆ ಇಳಿದ ಮೇಲೆ ಅಲ್ಲಿ ಹುಲುಸಾದ ಹುಲ್ಲು ಬೆಳೆಯುತ್ತದೆ. ದನಗಾಹಿಗಳು ಆ ಹುಲ್ಲುಗಾವಲಿಗೆ ಪರಂಪರಾಗತ ಯಜಮಾನರಿಗೆ ಶುಲ್ಕ ತೆರಬೇಕಿತ್ತು. ವರ್ಷದಿಂದ ವರ್ಷಕ್ಕೆ ಅದು ಏರುತ್ತಿತ್ತು. ಅರಣ್ಯ ರಕ್ಷಕರ ದಂಡ, ಪೊಲೀಸರ ಕೈಬಿಸಿ, ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೊಳೆಯುವ ಜಮೀನು ವ್ಯಾಜ್ಯ – ಇವು ಅದರ ಮೇಲಿನ ಹೊರೆ. ಉಗ್ರರು ಬಂದವರೇ ಮೇವಿನ ಶುಲ್ಕವನ್ನು ಇಳಿಸಿದರು ಇಲ್ಲವೇ ರದ್ದುಮಾಡಿದರು. ವ್ಯಾಜ್ಯಗಳನ್ನು ದಿನಗಳಲ್ಲಿ ತೀರ್ಮಾನಿಸಿದರು. ಬಳಿಕ ಧಾರ್ಮಿಕ ಕಂದಾಯದ ಹೆಸರಿನಲ್ಲಿ ದನಗಳನ್ನೂ ಧಾನ್ಯವನ್ನೂ ತಾವೇ ಎತ್ತತೊಡಗಿದರು. ಶಾಲೆಗಳನ್ನು ಮುಚ್ಚಿಸಿದರು, ವಿರೋಧಿಸಿದ ಊರ ಗೌಡರನ್ನು ಕೊಂದರು. ಮೊದಲು ನ್ಯಾಯದ ಮುಖ, ಆಮೇಲೆ ಕತ್ತಿಯ ಮುಖ. ಅಷ್ಟರಲ್ಲಿ ಹಿಂದಿರುಗುವ ದಾರಿ ಜನರಿಗೆ ಮುಚ್ಚಿರುತ್ತದೆ.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2023ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮನನೀಯವಾಗಿದೆ. ಆಫ್ರಿಕದ ಎಂಟು ದೇಶಗಳಲ್ಲಿ ಸುಮಾರು 2,200 ಜನರನ್ನು ಸಂದರ್ಶಿಸಿ ಇದನ್ನು ಸಿದ್ಧಪಡಿಸಲಾಯಿತು. ಸ್ವಯಿಚ್ಛೆಯಿಂದ ಉಗ್ರ ಸಂಘಟನೆ ಸೇರಿದವರಲ್ಲಿ ಶೇ. 25 ಮಂದಿ ಮುಖ್ಯ ಕಾರಣವಾಗಿ ಉದ್ಯೋಗದ ಕೊರತೆಯನ್ನು ಹೇಳಿದರು. ಧರ್ಮವನ್ನು ಹೆಸರಿಸಿದವರು ಶೇ. 17 ಮಾತ್ರ. ತಮ್ಮನ್ನು ಆ ದಾರಿಗೆ ತಳ್ಳಿದ ನಿರ್ದಿಷ್ಟ ಘಟನೆಯೊಂದಿತ್ತೆಂದು ಶೇ. 48 ಮಂದಿ ತಿಳಿಸಿದರು. ಅವರಲ್ಲಿ ಶೇ. 71 ಮಂದಿಯ ಪಾಲಿಗೆ ಆ ಘಟನೆಯೆಂದರೆ ಮಾನವ ಹಕ್ಕುಗಳ ಉಲ್ಲಂಘನೆ, ಬಹುವೇಳೆ ಸರ್ಕಾರಿ ಭದ್ರತಾ ಪಡೆಗಳಿಂದಲೇ ಆದದ್ದು.

ಬಡತನವೊಂದೇ ಭಯೋತ್ಪಾದನೆಗೆ ಕಾರಣವೆಂಬ ವಾದವನ್ನು ಒಪ್ಪುವಂತಿಲ್ಲ. ಬಡವರಾದರೂ ಶಾಂತರಾಗಿ ಬದುಕುವ ನಾಡುಗಳು ಜಗತ್ತಿನಲ್ಲಿ ಎಷ್ಟೋ ಇವೆ. ಧರ್ಮವೇ ಎಲ್ಲಕ್ಕೂ ಮೂಲವೆಂಬುದೂ ಅರೆಸತ್ಯ. ಈ ಉಗ್ರರ ಕೈಯಲ್ಲಿ ಸತ್ತವರಲ್ಲಿ ಬಹುಪಾಲು ಮುಸಲ್ಮಾನರೇ. ಬಡತನ ಒಣಹುಲ್ಲು, ಮತಾಂಧತೆ ಕಿಡಿ. ಇವೆರಡನ್ನೂ ದೂರವಿಡಬೇಕಾದ ಆಡಳಿತವೇ ಕುಸಿದಾಗ ಊರು ಉರಿಯುತ್ತದೆ.

ಎರಡು ತಪ್ಪು ಮದ್ದುಗಳು

ಮೊದಲನೆಯದು, ಸೇನೆಯೊಂದರಿಂದಲೇ ಎಲ್ಲವೂ ಸರಿಹೋಗುವುದೆಂಬ ನಂಬಿಕೆ. ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಎರಡು ಬಾರಿ, ನೈಜರ್‌ನಲ್ಲಿ 2023ರಲ್ಲಿ ಸೇನಾಧಿಕಾರಿಗಳು ಅಧಿಕಾರ ಕಿತ್ತುಕೊಂಡರು. ಭದ್ರತೆ ಮರಳಿಸುವೆವೆಂಬುದೇ ಎಲ್ಲರ ವಾಗ್ದಾನವಾಗಿತ್ತು. ಫ್ರೆಂಚ್ ಪಡೆಗಳು ಹೊರಟವು, ವಿಶ್ವಸಂಸ್ಥೆಯ ಪಡೆ 2023ರ ಅಂತ್ಯಕ್ಕೆ ಮಾಲಿಯಿಂದ ಕಾಲ್ತೆಗೆಯಿತು, ರಷ್ಯಾದ ವ್ಯಾಗ್ನರ್ ಕೂಲಿಪಡೆ ಬಂದಿತು. 2022ರ ಮಾರ್ಚ್‌ನಲ್ಲಿ ಮೌರಾ ಎಂಬ ಸಂತೆಯ ಊರನ್ನು ಮಾಲಿಯ ಸೇನೆ ಮತ್ತು ಅದರ ವಿದೇಶಿ ಸಹಚರರು ಸುತ್ತುವರಿದು ಕನಿಷ್ಠ 500 ಜನರನ್ನು ಕೊಂದರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ಮಾಡಿತು. ಮಾಲಿ ಸರ್ಕಾರ ಅದನ್ನು ಅಲ್ಲಗಳೆದು, ಸತ್ತವರು ಉಗ್ರರೆಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವನು ಯಾರಲ್ಲಿ ದೂರು ಕೊಡಬೇಕು? ಬಂದೂಕು ಬೇಡವೆಂದು ಯಾರೂ ಹೇಳಲಾರರು. ಟ್ಯಾಂಕರು ಸುಡುವವನನ್ನು ಉಪದೇಶದಿಂದ ತಡೆಯಲಾಗದು. ಆದರೆ ಬಂದೂಕಿನ ಹಿಂದೆ ನ್ಯಾಯಾಧೀಶ, ತಹಶೀಲ್ದಾರ, ಶಾಲಾ ಮಾಸ್ತರ ಹೋಗದಿದ್ದರೆ ಗೆದ್ದ ಊರು ಗೆದ್ದಂತಲ್ಲ.

ಎರಡನೆಯದು ವರ್ತಕರಿಗೆ ಇನ್ನೂ ಹತ್ತಿರದ ವಿಷಯ: ಉಗ್ರರ ಆದಾಯ ಕಡಿಯಲೆಂದು ಮಾರುಕಟ್ಟೆಯನ್ನೇ ಮುಚ್ಚುವುದು. ನೈಜರ್ ದೇಶದ ಆಗ್ನೇಯ ಮೂಲೆಯ ಡಿಫಾ ಪ್ರಾಂತದ ಜೀವಾಳವೆಂದರೆ ಕೆಂಪು ಮೆಣಸಿನಕಾಯಿ ಮತ್ತು ಚಾಡ್ ಸರೋವರದ ಒಣಮೀನು. ನೈಜೀರಿಯಾದ ಬೊಕೊ ಹರಾಮ್ ಪಡೆ ಈ ವ್ಯಾಪಾರದಿಂದ ವಸೂಲಿ ಮಾಡುತ್ತಿದೆ ಎಂಬ ಕಾರಣಕ್ಕೆ 2015ರಲ್ಲಿ ಅಲ್ಲಿನ ಸರ್ಕಾರ ಮೆಣಸಿನಕಾಯಿ, ಮೀನುಗಳ ವ್ಯಾಪಾರವನ್ನು ನಿರ್ಬಂಧಿಸಿತು. ಮೋಟಾರ್ ಸೈಕಲ್ ಸಂಚಾರವನ್ನೂ ನಿಷೇಧಿಸಿತು. ಬೆಳೆದ ಫಸಲು ಮನೆಯಲ್ಲೇ ಉಳಿಯಿತು. ಬಾಡಿಗೆ ಬೈಕು ಓಡಿಸಿ ಬದುಕುತ್ತಿದ್ದ ತರುಣರು ನಿರುದ್ಯೋಗಿಗಳಾದರು. ಉಗ್ರಪಡೆಗೆ ಬೇಕಾದದ್ದೂ ಕೆಲಸವಿಲ್ಲದ ತರುಣರೇ ಅಲ್ಲವೆ? ಮಂಡಿಯನ್ನು ಮುಚ್ಚಿದ ಮಾತ್ರಕ್ಕೆ ಕಳ್ಳದಾರಿ ಮುಚ್ಚುವುದಿಲ್ಲ. ಪ್ರಾಮಾಣಿಕ ವರ್ತಕನು ಅಂಗಡಿ ಹಾಕಿಕೊಂಡು ಹೋಗುತ್ತಾನೆ, ಕಳ್ಳ ವರ್ತಕನು ಉಳಿಯುತ್ತಾನೆ, ಉಗ್ರನು ಅವನಿಂದ ಹೆಚ್ಚು ದರದಲ್ಲಿ ವಸೂಲಿ ಮಾಡುತ್ತಾನೆ.

ಕಾಗದದ ಮೇಲಿನ ಸುಧಾರಣೆಗೂ ಮಿತಿಯಿದೆ. ಅಕ್ರಮ ಹಣದ ಹರಿವನ್ನು ಪರಿಶೀಲಿಸುವ ಅಂತಾರಾಷ್ಟ್ರೀಯ ಕಾರ್ಯಪಡೆ ಎಫ್.ಎ.ಟಿ.ಎಫ್. ತನ್ನ ಬೂದುಪಟ್ಟಿಯಿಂದ ಮಾಲಿಯನ್ನು 2025ರ ಜೂನ್‌ನಲ್ಲಿ ಕೈಬಿಟ್ಟಿತು. ಕಾನೂನು, ನಿಯಮಾವಳಿಗಳ ದೃಷ್ಟಿಯಿಂದ ಅದು ಸಾಧನೆಯೇ. ಆದರೆ ಅದಾದ ಮೂರೇ ತಿಂಗಳಿಗೆ ಇಂಧನ ದಿಗ್ಬಂಧನ ಎರಗಿತು. ಬ್ಯಾಂಕಿನ ಕಡತ ಸರಿಯಾಗಿರುವುದು ಒಂದು, ಹೆದ್ದಾರಿ ಸರಿಯಾಗಿರುವುದು ಇನ್ನೊಂದು.

ಉಳಿದ ದಾರಿ

ಕತ್ತಲೆಯ ಚಿತ್ರವನ್ನಷ್ಟೇ ಕೊಟ್ಟು ನಿಲ್ಲಿಸುವುದು ನ್ಯಾಯವಲ್ಲ. ಇದೇ ಸಾಹೇಲ್‌ನ ಮಾರಿಟೇನಿಯಾ ದೇಶ 2005ರಿಂದ 2011ರವರೆಗೆ ಉಗ್ರರ ದಾಳಿಗಳಿಂದ ತತ್ತರಿಸಿತ್ತು. ಪ್ರಸಿದ್ಧ ಡಕಾರ್ ರ‍್ಯಾಲಿಯು 2008ರಲ್ಲಿ ರದ್ದಾಗಲು ಅಲ್ಲಿನ ಅಭದ್ರತೆಯೇ ಕಾರಣ. 2011ರ ಬಳಿಕ ಅಲ್ಲಿ ದೊಡ್ಡ ಪ್ರಮಾಣದ ದಾಳಿ ನಡೆದಿಲ್ಲ. ಆ ಸರ್ಕಾರ ಸೈನಿಕರ ಸಂಬಳ, ಸಲಕರಣೆ ಸುಧಾರಿಸಿತು. ಒಂಟೆ ಸವಾರಿಯ ಗಸ್ತು ಪಡೆಗಳನ್ನು ಮರುಭೂಮಿಯ ದೂರದ ಹಟ್ಟಿಗಳಿಗೆ ಕಳುಹಿಸಿ, ಅವುಗಳ ಮೂಲಕವೇ ಜನರಿಗೆ ನೀರು, ಔಷಧದ ನೆರವನ್ನು ಒದಗಿಸಿತು. 2010ರಲ್ಲಿ ಸೆರೆಯಲ್ಲಿದ್ದ ತರುಣರೊಡನೆ ಧರ್ಮವಿದ್ವಾಂಸರ ಸಂವಾದ ಏರ್ಪಡಿಸಿತು. ಉಗ್ರರೊಡನೆ ಗುಟ್ಟಿನ ಒಪ್ಪಂದವಿತ್ತೆಂಬ ಆರೋಪವೂ ಆ ಸರ್ಕಾರದ ಮೇಲಿದೆ. ಅದೇನೇ ಇರಲಿ, ಗಡಿಯಂಚಿನ ಪ್ರಜೆಗೆ ಸರ್ಕಾರದ ಮುಖ ಕಾಣುವಂತೆ ಮಾಡಿದ್ದು ಫಲ ಕೊಟ್ಟಿದೆ.

ಐವರಿ ಕೋಸ್ಟ್‌ನ ಉದಾಹರಣೆಯೂ ಗಮನಾರ್ಹ. 2016ರ ಮಾರ್ಚ್‌ನಲ್ಲಿ ಅದರ ಗ್ರಾಂಡ್ ಬಸ್ಸಾಂ ಕಡಲತೀರದಲ್ಲಿ ದಾಳಿ ನಡೆಯಿತು. 2020ರ ಜೂನ್‌ನಲ್ಲಿ ಉತ್ತರ ಗಡಿಯ ಕಫೊಲೊದಲ್ಲಿ ಸೈನಿಕರು ಹತರಾದರು. ಆ ಸರ್ಕಾರ ಗಡಿಗೆ ಸೇನೆ ಕಳುಹಿಸಿತಲ್ಲದೆ, ಉತ್ತರದ ಜಿಲ್ಲೆಗಳ ತರುಣರಿಗೆ ತರಬೇತಿ ಮತ್ತು ಸಣ್ಣ ಉದ್ಯಮಗಳಿಗೆ ನೆರವು ನೀಡುವ ಕಾರ್ಯಕ್ರಮವನ್ನು 2022ರಲ್ಲಿ ಕೈಗೊಂಡಿತು. ನೆರೆಯ ದೇಶಗಳ ಸ್ಥಿತಿ ಅಷ್ಟು ಸಮಾಧಾನಕರವಲ್ಲ. ಟೋಗೊ ದೇಶದ ಉತ್ತರದಲ್ಲಿ 2022ರ ಮೇ ತಿಂಗಳಲ್ಲಿ 8 ಸೈನಿಕರು ಹತರಾದರು. ಬೆನಿನ್ ದೇಶದ ಉತ್ತರ ಗಡಿಯ ಅಭಯಾರಣ್ಯ ವಲಯದಲ್ಲಿ 2025ರ ಏಪ್ರಿಲ್‌ನಲ್ಲಿ ಒಂದೇ ದಾಳಿಯಲ್ಲಿ 54 ಸೈನಿಕರು ಮಡಿದರು. ಮರುಭೂಮಿಯಲ್ಲಿ ಹೊತ್ತಿದ ಬೆಂಕಿ ಕಡಲತೀರದ ದೇಶಗಳ ಹಿತ್ತಿಲಿಗೆ ಬಂದಿದೆ.

ನಮಗೇನು ಸಂಬಂಧ?

ಈ ಪ್ರಶ್ನೆ ವಾಚಕರಲ್ಲಿ ಏಳುವುದು ಸಹಜ. ಮಂಗಳೂರು ಹಾಗೂ ಕರಾವಳಿಯ ಗೇರುಬೀಜ ಕಾರ್ಖಾನೆಗಳು ಸ್ಥಳೀಯ ಬೆಳೆ ಸಾಲದೆ ದಶಕಗಳಿಂದ ಆಫ್ರಿಕದ ಕಚ್ಚಾ ಗೇರುಬೀಜವನ್ನು ನೆಚ್ಚಿವೆ. ಐವರಿ ಕೋಸ್ಟ್ ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ಗೇರುಬೀಜ ಬೆಳೆಯುವ ದೇಶ. ಆ ಬೆಳೆ ಹೆಚ್ಚಾಗಿ ಇರುವುದು ಅದರ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ. ಬುರ್ಕಿನಾ ಫಾಸೊದ ಗಡಿಯೂ ಅದೇ ಉತ್ತರದಲ್ಲಿದೆ. ನಮ್ಮ ಕಾರ್ಖಾನೆಗಳಲ್ಲಿ ಬೀಜ ಸುಲಿಯುವ ಹೆಣ್ಣುಮಕ್ಕಳ ಕೂಲಿಗೂ ಆ ಗಡಿಯ ಶಾಂತಿಗೂ ಇರುವ ನಂಟು ಕಣ್ಣಿಗೆ ಕಾಣದಿದ್ದರೂ ಸುಳ್ಳಲ್ಲ. ಭಾರತದ ಅಕ್ಕಿ, ಔಷಧ, ದ್ವಿಚಕ್ರ ವಾಹನಗಳಿಗೆ ಪಶ್ಚಿಮ ಆಫ್ರಿಕ ದೊಡ್ಡ ಗಿರಾಕಿ ಎಂಬುದೂ ಗೊತ್ತಿರುವ ಸಂಗತಿ.

ಸರಕಿಗಿಂತ ಮಿಗಿಲಾದದ್ದು ಜೀವ. 2025ರ ಏಪ್ರಿಲ್‌ನಲ್ಲಿ ನೈಜರ್‌ನ ತಿಲ್ಲಾಬೇರಿ ಪ್ರಾಂತದಲ್ಲಿ ವಿದ್ಯುತ್ ಮಾರ್ಗದ ಕೆಲಸದಲ್ಲಿದ್ದ ಐವರು ಭಾರತೀಯರ ಅಪಹರಣವಾಯಿತು. ಅದೇ ಜುಲೈ 1ರಂದು ಮಾಲಿಯ ಕಾಯೆಸ್ ಪಟ್ಟಣದ ಸಿಮೆಂಟು ಕಾರ್ಖಾನೆಯಿಂದ ಮೂವರು ಭಾರತೀಯರನ್ನು ಹೊತ್ತೊಯ್ಯಲಾಯಿತು. ಅದೇ ತಿಂಗಳು ನೈಜರ್‌ನ ಡೊಸ್ಸೊ ಪ್ರಾಂತದಲ್ಲಿ ಇಬ್ಬರು ಭಾರತೀಯರು ಹತರಾದರು. ನವೆಂಬರ್‌ನಲ್ಲಿ ಮಾಲಿಯಲ್ಲಿ ಮತ್ತೆ ಐವರ ಅಪಹರಣವಾಯಿತು. ವಿದ್ಯುತ್ ಕಂಬ ನೆಡಲು, ಸಿಮೆಂಟು ತಯಾರಿಸಲು ಹೋದ ದುಡಿಮೆಗಾರರೇ ಗುರಿಯಾದರೆಂದರೆ ಉದ್ಯಮವೇ ಗುರಿಯಾಯಿತೆಂದು ಅರ್ಥ.

ಆದುದರಿಂದ ಇಂತಹ ದೇಶಗಳೊಡನೆ ವ್ಯವಹಾರ ಇಟ್ಟುಕೊಂಡಿರುವ ಅಥವಾ ಇಟ್ಟುಕೊಳ್ಳಬಯಸುವ ನಮ್ಮ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳಿತು.

1. ವಿಮಾಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು. ಸಾಮಾನ್ಯ ಸಾಗರ ಸರಕು ವಿಮೆಯಲ್ಲಿ ಯುದ್ಧ, ಮುಷ್ಕರ, ಭಯೋತ್ಪಾದನೆಗಳ ರಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಗುತ್ತದೆ. ಯುದ್ಧದ ರಕ್ಷೆಯು ಸಾಮಾನ್ಯವಾಗಿ ಸರಕು ಹಡಗಿನಲ್ಲಿರುವಷ್ಟು ಕಾಲ ಮಾತ್ರ. ಡಕಾರ್ ಬಂದರಿನಲ್ಲಿ ಇಳಿದ ಮೇಲಿನ ಸಾವಿರ ಕಿಲೋಮೀಟರ್ ರಸ್ತೆಯಲ್ಲಿಯೇ ನಿಜವಾದ ಅಪಾಯ.

2. ರಫ್ತು ಸಾಲ ಖಾತರಿ ನಿಗಮದ (ಇ.ಸಿ.ಜಿ.ಸಿ.) ರಕ್ಷೆ ಇಲ್ಲದೆ ಉದ್ದರಿ ಕೊಡಬಾರದು. ಗಿರಾಕಿ ದಿವಾಳಿಯಾದರೆ ಮಾತ್ರವಲ್ಲ, ಯುದ್ಧ, ಆಂತರಿಕ ಕ್ಷೋಭೆ, ಹಣ ರವಾನೆಗೆ ತಡೆ ಮುಂತಾದ ರಾಜಕೀಯ ಕಾರಣಗಳಿಂದಾಗುವ ನಷ್ಟಕ್ಕೂ ಅದರ ಪಾಲಿಸಿಗಳು ರಕ್ಷೆ ಕೊಡುತ್ತವೆ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

3. ಒಂದೇ ದೇಶದ, ಒಂದೇ ಪ್ರಾಂತದ ಕಚ್ಚಾಮಾಲಿಗೆ ಕಾರ್ಖಾನೆಯನ್ನು ಕಟ್ಟಿಹಾಕಬಾರದು. ಗೇರುಬೀಜ ಖರೀದಿದಾರರು ಪೂರ್ವ ಆಫ್ರಿಕದ ಟಾಂಜಾನಿಯಾ ಮೊದಲಾದೆಡೆಯೂ ಸಂಬಂಧ ಕಾಪಾಡಿಕೊಳ್ಳುವುದು ಲೇಸು.

4. ಅಗ್ಗದ ಚಿನ್ನದ ಆಸೆಗೆ ಬೀಳಬಾರದು. ಸಾಹೇಲ್‌ನ ಬರಿಗೈ ಗಣಿಗಳಲ್ಲಿ ಅಗೆದ ಚಿನ್ನದಿಂದ ಉಗ್ರರು ಪಾಲು ಎತ್ತುತ್ತಾರೆ. ಅದು ಗಡಿ ದಾಟಿ, ಬಹುಪಾಲು ಸಂಯುಕ್ತ ಅರಬ್ ಎಮಿರೇಟ್ಸ್ ಮಾರುಕಟ್ಟೆ ಸೇರಿ ಕರಗಿದ ಮೇಲೆ ಅದರ ಹುಟ್ಟೂರು ತಿಳಿಯುವುದಿಲ್ಲ. ಮೂಲದ ದಾಖಲೆಯಿಲ್ಲದ ಚಿನ್ನವನ್ನು ಮುಟ್ಟದಿರುವುದು, ಹವಾಲಾ ಮೂಲಕ ಹಣ ಸಾಗಿಸದಿರುವುದು ಕಾನೂನಿನ ದೃಷ್ಟಿಯಿಂದಲೂ ಆತ್ಮಸಾಕ್ಷಿಯ ದೃಷ್ಟಿಯಿಂದಲೂ ನಮ್ಮ ಹೊಣೆ.

5. ಕೆಲಸಗಾರರನ್ನು ಕಳುಹಿಸುವ ಗುತ್ತಿಗೆದಾರರು ಅವರ ಹೆಸರನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ವಿಮೆ, ಕಾವಲು, ಅಗತ್ಯ ಬಿದ್ದರೆ ಹೊರಬರುವ ವ್ಯವಸ್ಥೆಯ ಖರ್ಚನ್ನು ಟೆಂಡರಿನ ಲೆಕ್ಕದಲ್ಲೇ ಸೇರಿಸಬೇಕು. ಈ ಖರ್ಚನ್ನು ಉಳಿಸಿ ಗೆದ್ದ ಟೆಂಡರು ಇನ್ನೊಬ್ಬರ ಪ್ರಾಣದ ಮೇಲೆ ಗಳಿಸಿದ ಲಾಭ.

ಕೊನೆಯದಾಗಿ, ವಾಣಿಜ್ಯ ಸಂಘಗಳಿಗೂ ಇದರಲ್ಲಿ ಒಂದು ಪಾಠವಿದೆ. ತೆರಿಗೆಯನ್ನು ನಾವು ಹೊರೆಯೆಂದು ದೂರುತ್ತೇವೆ, ದೂರಬೇಕಾದ ಕಡೆ ದೂರಲೇಬೇಕು. ಆದರೆ ರಸೀದಿ ಕೊಡುವ, ಮೇಲ್ಮನವಿಗೆ ಅವಕಾಶವಿರುವ, ತಪ್ಪಿದರೆ ನ್ಯಾಯಾಲಯಕ್ಕೆ ಎಳೆಯಬಹುದಾದ ಸುಂಕದವನು ನಾಗರಿಕತೆಯ ದೊಡ್ಡ ಗಳಿಕೆ. ಆ ವ್ಯವಸ್ಥೆ ಲಂಚದಿಂದ, ವಿಳಂಬದಿಂದ, ಅನ್ಯಾಯದಿಂದ ಹಂತಹಂತವಾಗಿ ಸವೆದಾಗ ಅದರ ಜಾಗಕ್ಕೆ ಬಂದೂಕು ಹಿಡಿದವನು ಬಂದು ಕೂಡುತ್ತಾನೆ. ಸಾಹೇಲ್‌ನ ದನಗಾಹಿಗಳಿಗೆ ದುಬಾರಿ ಬೆಲೆ ತೆತ್ತು ಇದು ಅರಿವಾಯಿತು. ನ್ಯಾಯವಾದ ಆಡಳಿತವನ್ನು ಕೇಳುವುದೂ ಅದಕ್ಕೆ ನ್ಯಾಯವಾಗಿ ನಡೆದುಕೊಳ್ಳುವುದೂ ಎಲ್ಲ ದೇಶಗಳ ವರ್ತಕರ ಸ್ವಹಿತವೇ ಆಗಿದೆ.